ಮನೆಯ ಮಾತು: ಕೇಳದ ಕಿವಿ, ಕೇಳಿಸಿದ ಕಂಠ

ಕಳೆದ ತಿಂಗಳು ಕಾರ್ಯನಿಮಿತ್ತವಾಗಿ ನಾವು ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗಬೇಕಾಯಿತು. ಕೆಲಸ ಮುಗಿಯುವ ವೇಳೆಗೆ ಹೊತ್ತು ಏರಿದ್ದುದರಿಂದ, ಬಹುಕಾಲದಿಂದ ಪರಿಚಿತರಾದ ಗೃಹಸ್ಥರೊಬ್ಬರು ನಮ್ಮನ್ನು ಊಟಕ್ಕೆ ನಿಲ್ಲಿಸಿಕೊಂಡರು. ಎಲೆಯ ಮುಂದೆ ಕುಳಿತಾಗ ಮನೆಯೊಳಗೆ ಏನೋ ಒಂದು ಮೌನವು ಕವಿದಿದ್ದುದನ್ನು ಕಂಡೆವು. ಕಾರಣವು ಊಟದ ನಡುವೆ ತಿಳಿಯಿತು. ಅವರ ಹನ್ನೊಂದು ವರ್ಷದ ಮಗನಿಗೆ ಎಳವೆಯಿಂದಲೂ ಕಿವಿ ಮಂದ. ಯಂತ್ರವನ್ನು ಕಿವಿಗೆ ಹಾಕಿದರೂ ಗದ್ದಲದಲ್ಲಿ ಮಾತು ತಿಳಿಯದು. ಆ ವರ್ಷದ ಶಾಲಾ ನಾಟಕದಲ್ಲಿ ಉಪಾಧ್ಯಾಯಿನಿಯವರು ಅವನಿಗೊಂದು ಪಾತ್ರವನ್ನು ಕೊಟ್ಟಿದ್ದರು. ತಂದೆ ಬೇಡವೆಂದಿದ್ದರು. ಹುಡುಗನು ಎರಡು ದಿನಗಳಿಂದ ತಂದೆಯೊಡನೆ ಮಾತು ಬಿಟ್ಟಿದ್ದನು.

“ಒಂದು ಮಾತು ಹೆಚ್ಚುಕಡಮೆಯಾದರೆ ನಾಲ್ಕು ಜನ ನಗುತ್ತಾರೆ, ಸ್ವಾಮಿ. ಆ ನಗು ಇವನಿಗೆ ಕೇಳಿಸದೆ ಇದ್ದರೂ ಕಾಣಿಸುತ್ತದಷ್ಟೆ” ಎಂದರು ಗೃಹಸ್ಥರು. ಈ ಮಾತಿಗೆ ನಾವು ಥಟ್ಟನೆ ಉತ್ತರ ಕೊಡಲಾರದೆ ಹೋದೆವು. ಮಗನ ಮೇಲಣ ಪ್ರೀತಿಯೇ ಅಲ್ಲಿ ಭಯದ ವೇಷ ತೊಟ್ಟು ನಿಂತಿದ್ದಿತು.

ಉತ್ತರವು ಹಜಾರದಿಂದ ಬಂದಿತು. ಹುಡುಗನ ಅಜ್ಜನವರು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ದೂರದರ್ಶನದಲ್ಲಿ 1972ರ ‘ಬಂಗಾರದ ಮನುಷ್ಯ’ ಚಿತ್ರವನ್ನು ನೋಡುತ್ತಿದ್ದರು. ತೆರೆಯ ಮೇಲೆ ರಾಚೂಟಪ್ಪನ ಪಾತ್ರಧಾರಿ ಕಾಣಿಸಿಕೊಂಡೊಡನೆ ಅವರು ಮಗನನ್ನು ಕೂಗಿ, “ಇವರು ಯಾರು, ಗೊತ್ತೇನೋ? ಬಾಲಣ್ಣ. ಇವರಿಗೆ ಕಿವಿ ಕೇಳುತ್ತಿರಲಿಲ್ಲ” ಎಂದರು. ಚಿಕ್ಕಂದಿನಿಂದ ಆ ಮುಖವನ್ನು ನೋಡಿ ಬೆಳೆದ ಗೃಹಸ್ಥರಿಗೆ ಈ ಸಂಗತಿ ತಿಳಿದಿರಲಿಲ್ಲ. ನಮ್ಮ ವಾಚಕರಲ್ಲಿಯೂ ಅನೇಕರಿಗೆ ತಿಳಿದಿರಲಾರದೆಂದು ಭಾವಿಸಿ, ಈ ತಿಂಗಳ ಮಾತನ್ನು ಆ ನಟನಿಗಾಗಿಯೇ ಮೀಸಲಿಟ್ಟಿರುವೆವು.

ಟಿ. ಎನ್. ಬಾಲಕೃಷ್ಣನವರು ಅರಸೀಕೆರೆಯವರು. ಬಡತನದಲ್ಲಿ ಹುಟ್ಟಿ ಬೆಳೆದವರು. ಅವರ ಶ್ರವಣದೋಷವೂ ಬಾಲ್ಯದಿಂದಲೇ ಬಂದುದು. ಅನ್ನವನ್ನರಸಿ ಅವರು ಸೇರಿದುದು ವೃತ್ತಿ ನಾಟಕ ಮಂಡಳಿಗಳನ್ನು. ಗುಬ್ಬಿ ವೀರಣ್ಣನವರ ಕಂಪನಿಯ ಗರಡಿಯಲ್ಲಿಯೂ ಅವರು ಪಳಗಿದರು. ನಾಟಕದ ಕಂಪನಿಯೆಂದರೆ ಏನೆಂಬುದನ್ನು ಇಂದಿನ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿದೆ. ಪರದೆ, ಪೆಟ್ಟಿಗೆ, ಪಾತ್ರೆಪಡಗಗಳೊಡನೆ ಊರಿಂದೂರಿಗೆ ಸಾಗುವ ದೊಡ್ಡದೊಂದು ಸಂಸಾರವದು. ಒಂದೂರಿನಲ್ಲಿ ಡೇರೆ ಹೂಡಿದರೆ ಕಲೆಕ್ಷನ್ ಬರುವವರೆಗೆ ಆಟ, ಬರದಿದ್ದರೆ ಉಪವಾಸ. ಹಾರ್ಮೋನಿಯಂ ಶ್ರುತಿ ಹಿಡಿಯಬೇಕು, ಎದುರಿನ ಪಾತ್ರವು ಕೊಟ್ಟ ಮಾತಿನ ಕೊನೆಗೆ ತನ್ನ ಮಾತನ್ನು ಹೊಂದಿಸಬೇಕು. ಇಂತಹ ರಂಗದ ಮೇಲೆ ಕಿವಿ ಕೇಳದವನೊಬ್ಬನು ನಿಂತದ್ದು ಹೇಗೆ?

ಎದುರಿನವರ ತುಟಿಗಳ ಚಲನೆಯನ್ನು ನೋಡಿಯೇ ಬಾಲಕೃಷ್ಣನವರು ಮಾತನ್ನು ಗ್ರಹಿಸುತ್ತಿದ್ದರು. ಇದನ್ನು ಹೇಳುವುದು ಸುಲಭ, ಸಾಧಿಸುವುದು ಕಷ್ಟ. ತನ್ನ ಮಾತೊಂದನ್ನೇ ಬಾಯಿಪಾಠ ಮಾಡಿದರೆ ಇಂತಹ ನಟನಿಗೆ ಸಾಲದು. ಎದುರಿನವರ ಮಾತೂ ಮನಸ್ಸಿನಲ್ಲಿರಬೇಕು, ಅದು ಎಲ್ಲಿಗೆ ಬಂದಿತೆಂಬುದನ್ನು ಕಣ್ಣು ಹೇಳಬೇಕು. ಕೇಳುವ ನಟನು ಎದುರಿನವರ ಮುಖವನ್ನು ಒಮ್ಮೊಮ್ಮೆ ಮರೆತರೂ ನಡೆದೀತು. ಕೇಳದವನು ಒಂದು ಕ್ಷಣವೂ ಮರೆಯುವಂತಿಲ್ಲ. ಅವರ ಚಿತ್ರಗಳನ್ನು ಮತ್ತೊಮ್ಮೆ ನೋಡುವಾಗ ಆ ಎಚ್ಚರದ ಕಣ್ಣುಗಳನ್ನು ವಾಚಕರು ಗಮನಿಸಬೇಕು.

1943ರ ‘ರಾಧಾರಮಣ’ದಿಂದ ಅವರ ಚಿತ್ರಜೀವನವು ಮೊದಲಾಯಿತು. 1995ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಅಭಿನಯಿಸಿದ ಚಿತ್ರಗಳು ಐದು ನೂರನ್ನು ಮೀರಿದ್ದುವು. ನಾಯಕನ ಪಟ್ಟವು ಅವರಿಗೆ ಬಂದುದಲ್ಲ. ಅದನ್ನು ಅವರು ಬೇಡಿದಂತೆಯೂ ಕಾಣದು. ಹಾಸ್ಯಗಾರ, ಸಂಚುಗಾರ, ಜಿಪುಣ, ಹಿತವಂತನಾದ ಹಿರಿಯ, ಹೀಗೆ ಯಾವ ಮನೆಯಲ್ಲಿಯೂ ಒಬ್ಬನಾದರೂ ಇರತಕ್ಕ ಮನುಷ್ಯರನ್ನು ಅವರು ತೋರಿಸಿಕೊಟ್ಟರು. ‘ಬಂಗಾರದ ಮನುಷ್ಯ’ದಲ್ಲಿ ನಾಯಕನ ಬೆಂಬಲಕ್ಕೆ ನಿಂತು ಜನರ ಅಕ್ಕರೆ ಗಳಿಸಿದವರೇ ಮರುವರ್ಷ ‘ಗಂಧದ ಗುಡಿ’ಯಲ್ಲಿ ಕಾಡಿನ ಸಂಪತ್ತಿಗೆ ಕೈಯಿಕ್ಕುವ ದುಷ್ಟರಾಗಿ ಅದೇ ಜನರಿಂದ ಶಾಪ ಪಡೆದರು. ಎಳೆದೆಳೆದು ಆಡುವ ಅವರ ಮಾತಿನ ಧಾಟಿಯನ್ನು ಅನುಕರಿಸದ ಹುಡುಗರು ಒಂದು ಕಾಲಕ್ಕೆ ನಾಡಿನಲ್ಲಿರಲಿಲ್ಲ. ತನ್ನ ಕಂಠವನ್ನು ತಾನೇ ಸರಿಯಾಗಿ ಕೇಳಲಾರದವನ ಕಂಠವು ಮನೆಮನೆಗೂ ಪರಿಚಿತವಾದುದನ್ನು ಏನೆನ್ನೋಣ!

ಕನ್ನಡ ಚಿತ್ರಗಳು ವರ್ಷಕ್ಕೆ ಕೆಲವೇ ತಯಾರಾಗುತ್ತಿದ್ದ ದಿನಗಳಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಇವರೊಡನೆ ಬಾಲಕೃಷ್ಣನವರೂ ಸೇರಿ ಕಲಾವಿದರ ಸಂಘವೊಂದನ್ನು ಕಟ್ಟಿದರು. ಊರೂರಿನಲ್ಲಿ ನಾಟಕಗಳನ್ನಾಡಿದರು. 1960ರಲ್ಲಿ ಆ ಸಂಘದಿಂದ ‘ರಣಧೀರ ಕಂಠೀರವ’ ಚಿತ್ರವು ಹೊರಬಂದಿತು. ಕೆಲಸ ಕೊಡುವವರಿಲ್ಲದಾಗ ಕೆಲಸವನ್ನು ತಾವೇ ನಿರ್ಮಿಸಿಕೊಂಡ ಈ ನಾಲ್ವರ ಧೈರ್ಯವು ಮೆಚ್ಚತಕ್ಕದ್ದು.

ಆದರೆ ಗೆದ್ದುದನ್ನು ಮಾತ್ರ ಹೇಳಿ ಸೋತುದನ್ನು ಮುಚ್ಚಿಡುವುದು ನ್ಯಾಯವಲ್ಲ. ಚಿತ್ರೀಕರಣಕ್ಕಾಗಿ ಕನ್ನಡಿಗರು ಮದರಾಸಿಗೆ ಹೋಗಬೇಕಾಗಿದ್ದ ಕಾಲದಲ್ಲಿ, ನಮ್ಮ ನಾಡಿನಲ್ಲಿಯೇ ಒಂದು ಸ್ಟುಡಿಯೋ ಆಗಬೇಕೆಂಬ ಹಂಬಲವು ಬಾಲಕೃಷ್ಣನವರನ್ನು ಹಿಡಿಯಿತು. ಸರ್ಕಾರದಿಂದ ದೊರೆತ ಭೂಮಿಯಲ್ಲಿ, ಬೆಂಗಳೂರಿನ ಕೆಂಗೇರಿಯ ಕಡೆ, ‘ಅಭಿಮಾನ್ ಸ್ಟುಡಿಯೋ’ ಎದ್ದಿತು. ದುಡಿದುದನ್ನೆಲ್ಲ ಅದಕ್ಕೆ ಸುರಿದರು. ಅದು ಅವರೆಣಿಸಿದ ಎತ್ತರಕ್ಕೆ ಬೆಳೆಯಲಿಲ್ಲ. ಸಾಲದ ಹೊರೆಯು ಬೆಳೆಯಿತು. 2009ರಲ್ಲಿ ವಿಷ್ಣುವರ್ಧನರ ಅಂತ್ಯಕ್ರಿಯೆ ನಡೆದ ಸ್ಥಳವೆಂದೇ ಆ ಹೆಸರು ಇಂದು ಹಲವರಿಗೆ ನೆನಪು. ಅದನ್ನು ಕಟ್ಟಿದವನ ನೆನಪು ಕಡಮೆ.

ಇದನ್ನೆಲ್ಲ ನಾವು ಊಟದ ಮೇಲೆ ಹೇಳುತ್ತಿರುವಾಗ ಅಜ್ಜನವರು ತಮ್ಮ ಅನುಭವವನ್ನೂ ಸೇರಿಸಿದರು. 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದ ಊರು ಭದ್ರಾವತಿ. “ಯಂತ್ರ ಓಡುವಾಗ ಪಕ್ಕದವನ ಮಾತು ಯಾರಿಗೆ ಕೇಳುತ್ತಿತ್ತು? ನಾವೆಲ್ಲರೂ ತುಟಿ ನೋಡಿ, ಕೈಸನ್ನೆ ನೋಡಿ ಕೆಲಸ ಮಾಡಿದವರೇ. ಪಾಳಿ ಮುಗಿಯುವವರೆಗೆ ಇಡೀ ಷೆಡ್ಡೇ ಕಿವುಡು. ನಮ್ಮನ್ನು ಯಾರಾದರೂ ನಕ್ಕರೇನು?” ಎಂದರು. ಅರಸೀಕೆರೆಯಲ್ಲಿ ಹುಟ್ಟಿ, ಇದೇ ಊರಿನ ಕಾರ್ಖಾನೆಯಲ್ಲಿ ದುಡಿಯುತ್ತ ನಾಟಕವಾಡಿ, ಮುಂದೆ ಚಿತ್ರರಂಗದ ಹೆಸರಾಂತ ಪೋಷಕ ನಟರಾದ ದೊಡ್ಡಣ್ಣನವರನ್ನೂ ಅವರು ನೆನೆದರು. ಅರಸೀಕೆರೆಯಿಂದ ಬೀರೂರಿನ ಮೇಲೆ ಭದ್ರಾವತಿಗೂ ಶಿವಮೊಗ್ಗೆಗೂ ಬರುವ ರೈಲುದಾರಿಯು ನಮ್ಮ ಜಿಲ್ಲೆಗೆ ಆ ಊರನ್ನು ನೆರೆಮನೆಯಾಗಿಸಿದೆ.

ಗೃಹಸ್ಥರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಬಾಲಣ್ಣನಂಥವರು ಲಕ್ಷಕ್ಕೊಬ್ಬರು, ಸ್ವಾಮಿ” ಎಂದರು. ಅದು ನಿಜ. ನಾವೂ ಒಪ್ಪಿದೆವು. ಪ್ರತಿಯೊಬ್ಬ ಮಗುವೂ ಬಾಲಕೃಷ್ಣನಾಗಬೇಕಾಗಿಲ್ಲ. ಶಾಲೆಯ ನಾಟಕದಲ್ಲಿ ಹತ್ತು ಮಾತನಾಡಲು ಅಷ್ಟು ದೊಡ್ಡ ಪ್ರತಿಭೆಯೂ ಬೇಡ. ಬೇಕಾದುದು, ಮಾತನಾಡುವವರು ಮಗುವಿನ ಕಡೆ ಮುಖ ತಿರುಗಿಸಿ, ಬೆಳಕಿನಲ್ಲಿ ನಿಂತು, ಅವಸರವಿಲ್ಲದೆ ಮಾತನಾಡುವುದು. ಬಾಯಿಗೆ ಕೈ ಅಡ್ಡವಿಡದಿರುವುದು. ಹಾಗೆಯೇ, ಮಗುವಿಗೆ ಕಿವಿ ಮಂದವೆಂಬ ಸಂದೇಹ ಬಂದ ಮನೆಯವರು ದೃಷ್ಟಿ ತೆಗೆಯುತ್ತ ಕಾಲ ಕಳೆಯದೆ ಕೂಡಲೇ ಪರೀಕ್ಷೆ ಮಾಡಿಸತಕ್ಕದ್ದು. ಇದಕ್ಕಾಗಿಯೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬಾಲಕೃಷ್ಣನವರ ಬಾಲ್ಯಕ್ಕೆ ಅಂತಹ ಆಸರೆ ಇದ್ದಿಲ್ಲ.

ನಾವು ಹೊರಡುವ ವೇಳೆಗೆ ಹುಡುಗನು ನಾಟಕದ ಪುಸ್ತಕವನ್ನು ತಂದು ತಂದೆಯ ಮುಂದೆ ಇಟ್ಟನು. ಏನೂ ಕೇಳಲಿಲ್ಲ. ತಂದೆಯು ಕನ್ನಡಕವನ್ನು ಹುಡುಕಿ ಹಾಕಿಕೊಂಡು, ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದು, ಮಗನಿಗೆ ಎದುರಾಗಿ ಕುಳಿತು, ಎದುರುಪಾತ್ರದ ಮೊದಲನೆಯ ಮಾತನ್ನು ನಿಧಾನವಾಗಿ ಓದತೊಡಗಿದರು. ಒಳಮನೆಯ ಬಾಗಿಲಲ್ಲಿ ತಾಯಿ ಸೆರಗಿನಿಂದ ಕೈಯೊರಸಿಕೊಳ್ಳುತ್ತ ನಿಂತಿದ್ದರು. ನಾವು ಸದ್ದು ಮಾಡದೆ ಮೆಟ್ಟಿಲಿಳಿದು ಬಂದೆವು.