ಒಂದು ಲಾಯ, ಹಲವು ಲಗಾಮು

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರವನ್ನು ದಾಟಿ ಬಾಗೇಪಲ್ಲಿಯ ಕಡೆಗೆ ಮುಂದುವರಿದರೆ ಪೆರೇಸಂದ್ರ ಸಿಕ್ಕುತ್ತದೆ. ಹಾಲಿನ ಬೆಲೆ, ರೇಷ್ಮೆಗೂಡಿನ ಧಾರಣೆ, ಕೈಕೊಟ್ಟ ಮಳೆ ಇವುಗಳಿಗೆ ಇಲ್ಲಿನ ಜನರ ಮಾತಿನಲ್ಲಿರುವ ಸ್ಥಾನ ಕುದುರೆ ಪಂದ್ಯಕ್ಕಿಲ್ಲ. ಆದರೂ ಬೆಂಗಳೂರಿನ ಲಾಯದ ಕುದುರೆಯೊಂದು ಹೈದರಾಬಾದಿನ ಮಲಕಪೇಟೆಯ ಮೈದಾನದಲ್ಲಿ ಓಡಬೇಕಾಗಿ ಬಂದು ಲಾರಿಯೇರಿತೆಂದರೆ, ಅದು ಹಿಡಿಯುವ ನೇರ ಹಾದಿ ಈ ಊರಿನ ಮಗ್ಗುಲಿನದೇ. ಲಾರಿಯೊಳಗೆ ಕುದುರೆಯ ಜೊತೆಗೆ ಅದರ ಸೈಸನೂ ಇರುತ್ತಾನೆ. ಪಂದ್ಯದ ದಿನ ಪತ್ರಿಕೆಯಲ್ಲಿ ಕುದುರೆಯ ಹೆಸರು ಅಚ್ಚಾಗುತ್ತದೆ. ಮಾಲೀಕನದು, ತರಬೇತುದಾರನದು, ಜಾಕಿಯದು ಅಚ್ಚಾಗುತ್ತವೆ. ರಾತ್ರಿಯೆಲ್ಲ ಅದರ ಮೈದಡವುತ್ತ ಬಂದವನ ಹೆಸರು ಮಾತ್ರ ಎಲ್ಲಿಯೂ ಕಾಣದು.

ಓಡುವ ಕುದುರೆ ಒಂದೇ. ಅದನ್ನು ನಂಬಿದ ಸಂಸಾರಗಳು ಹಲವು. ಮರಿಯನ್ನು ಹುಟ್ಟಿಸಿ ಬೆಳೆಸುವವನು ಒಬ್ಬ, ಕೊಳ್ಳುವವನು ಇನ್ನೊಬ್ಬ, ಪಳಗಿಸುವವನು ಮತ್ತೊಬ್ಬ. ಮೇಲೆ ಕುಳಿತು ಓಡಿಸುವವನು ಜಾಕಿ. ತಿಕ್ಕಿ ತೊಳೆದು ಹುಲ್ಲು ಹಾಕುವವನು ಸೈಸ. ಮೈದಾನವನ್ನೂ ನಿಯಮಗಳನ್ನೂ ಇಟ್ಟುಕೊಂಡಿರುವುದು ಕ್ಲಬ್ಬು. ಪಣ ಕಟ್ಟಿಸಿಕೊಳ್ಳುವ ಬುಕ್ಕಿಗಳ ಮಾತು ಬೇರೆ. ಇವರಲ್ಲಿ ಬಹುಪಾಲು ಜನಕ್ಕೆ ತಮ್ಮದೇ ಆದ ಸಂಘವುಂಟು. ‘ಇಷ್ಟೊಂದು ಸಂಘಗಳೇಕೆ? ಎಲ್ಲವನ್ನೂ ಒಂದು ಮಾಡಿದರೆ ಸರಕಾರದ ಮುಂದೆ ಒಂದೇ ದನಿಯಲ್ಲಿ ಮಾತನಾಡಬಹುದಲ್ಲ’ ಎಂಬ ಸಲಹೆ ಜಗತ್ತಿನಲ್ಲಿ ರೇಸು ನಡೆಯುವ ಕಡೆಗಳಲ್ಲಿ ಆಗಾಗ ತಲೆಯೆತ್ತುತ್ತದೆ. ತಲೆಯೆತ್ತಿದೊಡನೆ ಜಗಳವೂ ಮೊದಲಾಗುತ್ತದೆ.

ಇಂಥ ಜಗಳವನ್ನು ಪೆರೇಸಂದ್ರದ ರೈತನಿಗೆ ವಿವರಿಸಿ ಹೇಳಬೇಕಾಗಿಲ್ಲ. ೨೦೦೭ರಲ್ಲಿ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಹಾಲು ಒಕ್ಕೂಟ ಮಾತ್ರ ಎರಡಕ್ಕೂ ಸೇರಿ ಒಂದೇ ಆಗಿ ಉಳಿಯಿತು. ಅದನ್ನು ಬೇರ್ಪಡಿಸಲು ಒಂದು ಸರಕಾರ ಹೊರಟಿತು, ಅದರ ಹಿಂದೆ ಬಂದ ಸರಕಾರ ಬೇಡವೆಂದಿತು, ಕಡೆಗೆ ಬೇರೆಯೇ ಆಯಿತು. ಹಸು ಅದೇ, ಹಾಲು ಅದೇ, ಬೆಳಗಿನ ಕ್ಯಾನು ಅದೇ. ಜಗಳವೆಲ್ಲ ಆಡಳಿತ ಮಂಡಲಿಯ ಕುರ್ಚಿಗಳದು; ಯಾವ ತಾಲ್ಲೂಕಿಗೆ ಎಷ್ಟು, ಲಾಭ ಬಂದರೆ ಖರ್ಚು ಎಲ್ಲಿ ಎಂಬುದರದು. ರೇಸಿನ ಸಂಘಗಳ ಜಗಳವೂ ಇದೇ ಜಾತಿಯದು.

ಮೊದಲು ಒಗ್ಗಟ್ಟಿನ ಸಂಗತಿಯನ್ನೇ ನೋಡೋಣ. ೨೦೨೪ರ ಜನವರಿಯಲ್ಲಿ ಬುಕ್ಕಿಗಳ ತೆರಿಗೆ ವಂಚನೆಯ ಆರೋಪದ ಮೇಲೆ ಪೊಲೀಸರು ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಶೋಧ ನಡೆಸಿದರು. ಅದೇ ವರ್ಷದ ಜೂನಿನಲ್ಲಿ ರಾಜ್ಯ ಸರಕಾರ ಪಂದ್ಯ ನಡೆಸಲು ಬೆಂಗಳೂರು ಟರ್ಫ್ ಕ್ಲಬ್ಬಿಗೆ ಪರವಾನಗಿ ನಿರಾಕರಿಸಿತು. ಕ್ಲಬ್ಬು ಹೈಕೋರ್ಟಿಗೆ ಹೋಯಿತು. ಜೊತೆಯಲ್ಲಿ ಕುದುರೆ ಮಾಲೀಕರ ಸಂಘವೂ ತರಬೇತುದಾರರ ಸಂಘವೂ ಹೋದವು. ಜೂನ್ ೧೮ರಂದು ಏಕಸದಸ್ಯ ಪೀಠ ಪಂದ್ಯಕ್ಕೆ ಮಧ್ಯಂತರ ಅನುಮತಿ ಕೊಟ್ಟಿತು. ೨೨ರಂದು ವಿಭಾಗೀಯ ಪೀಠ ಅದಕ್ಕೆ ತಡೆ ವಿಧಿಸಿತು. ನಾಲ್ಕು ದಿನಗಳಲ್ಲಿ ಲಾಯಗಳಲ್ಲಿ ದೀಪ ಹತ್ತಿ ಆರಿತು. ಪಂದ್ಯ ನಿಂತರೂ ಕುದುರೆಯ ಹೊಟ್ಟೆ ನಿಲ್ಲುವುದಿಲ್ಲವಷ್ಟೆ. ಓಡದ ಕುದುರೆಗೂ ಹುರುಳಿ, ಹುಲ್ಲು, ಲಾಳ, ವೈದ್ಯ, ಎಲ್ಲವೂ ಬೇಕು. ಆ ದಿನಗಳಲ್ಲಿ ಮಾಲೀಕನಿಗೂ ತರಬೇತುದಾರನಿಗೂ ಭೇದ ಕಾಣಲಿಲ್ಲ, ಎದುರಾಳಿ ಹೊರಗಿದ್ದ.

ತೆರಿಗೆಯ ವಿಷಯದಲ್ಲಿಯೂ ಹೀಗೆಯೇ. ಸರಕು ಮತ್ತು ಸೇವಾ ತೆರಿಗೆಯನ್ನು ಕಟ್ಟಿದ ಪಣದ ಪೂರ್ತಿ ಮೊತ್ತದ ಮೇಲೆ ಹಾಕಬೇಕೋ, ಕ್ಲಬ್ಬಿನ ಕೈಗೆ ಬರುವ ಕಮಿಷನ್ನಿನ ಮೇಲೆ ಮಾತ್ರವೋ ಎಂಬುದು ವ್ಯಾಜ್ಯ. ೨೦೨೧ರ ಜೂನಿನಲ್ಲಿ ಕರ್ನಾಟಕ ಹೈಕೋರ್ಟು ಕ್ಲಬ್ಬುಗಳ ಪರವಾಗಿ ತೀರ್ಪು ಕೊಟ್ಟಿತು. ೨೦೨೩ರ ಅಕ್ಟೋಬರಿನಿಂದ ಕಾನೂನನ್ನೇ ತಿದ್ದಿ ಪೂರ್ತಿ ಮೊತ್ತದ ಮೇಲೆ ಶೇಕಡ ೨೮ ಎಂದಾಯಿತು. ೨೦೨೫ರ ಸೆಪ್ಟೆಂಬರ್ ೨೨ರಿಂದ ಅದು ಶೇಕಡ ೪೦ಕ್ಕೆ ಏರಿತು. ಕಿಟಕಿಯಲ್ಲಿ ಪಣ ಕಟ್ಟುವವನು ಕಡಿಮೆಯಾದರೆ ಬಹುಮಾನದ ಹಣ ಸೊರಗುತ್ತದೆ; ಬಹುಮಾನ ಸೊರಗಿದರೆ ಮಾಲೀಕ ಎರಡು ಕುದುರೆಯ ಜಾಗದಲ್ಲಿ ಒಂದನ್ನೇ ಕಟ್ಟುತ್ತಾನೆ; ಇನ್ನೊಂದನ್ನು ನೋಡಿಕೊಳ್ಳುತ್ತಿದ್ದ ಸೈಸ ಮನೆಯಲ್ಲಿ ಕೂರುತ್ತಾನೆ. ಪಣವೇ ಒಂದು ದುರ್ವ್ಯಸನ, ಅದು ಸೊರಗಿದರೆ ಸಂತೋಷವೇ ಎನ್ನುವ ಗೃಹಸ್ಥರು ಅನೇಕರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಸಂಬಳದ ದಿನ ಮನೆಗೆ ಬರಬೇಕಾದ ಹಣ ರೇಸ್‌ಕೋರ್ಸಿನಲ್ಲಿಯೇ ಕರಗಿಹೋದ ಮನೆಗಳು ಬೆಂಗಳೂರಿಗೆ ಹೊಸವಲ್ಲ. ಆದರೆ ಸೈಸನ ಕೂಳಿನ ಪ್ರಶ್ನೆ ಅದರಿಂದ ಪರಿಹಾರವಾಗುವುದಿಲ್ಲ.

ಇನ್ನು ಒಳಗಿನ ಮಾತು. ಬಹುಮಾನದ ಹಣ ಕ್ಲಬ್ಬಿನಿಂದ ಹೊರಟು ಮಾಲೀಕನಿಗೆ ಬರುತ್ತದೆ. ಅದರಲ್ಲಿ ತರಬೇತುದಾರನಿಗೂ ಜಾಕಿಗೂ ಪಾಲು. ಬಹುಮಾನ ಹೆಚ್ಚಲಿ ಎಂದು ಕ್ಲಬ್ಬನ್ನು ಕೇಳುವಾಗ ಮೂವರೂ ಒಂದು. ಪಾಲು ಎಷ್ಟು ಎನ್ನುವಾಗ ಮೂವರೂ ಮೂರು ದಿಕ್ಕು. ಕುದುರೆಯನ್ನು ಪಳಗಿಸುವುದಕ್ಕೆ ತಿಂಗಳಿಗೆ ಎಷ್ಟು ಕೊಡಬೇಕೆಂಬ ಪ್ರಶ್ನೆ ಬಂದರೆ, ಕೊಡುವವನೂ ಕೊಳ್ಳುವವನೂ ಒಂದೇ ಸಂಘದ ಸದಸ್ಯರಾಗಿ ಒಂದೇ ಬೆಂಚಿನ ಮೇಲೆ ಕುಳಿತು ಚೌಕಾಶಿ ಮಾಡುವುದು ಹೇಗೆ? ಸೈಸನ ಕೂಲಿಯ ಮಾತು ಬಂದರಂತೂ ಮೇಲಿನ ಮೂವರೂ ಮತ್ತೆ ಒಂದಾದರೂ ಆಗಬಹುದು, ಅವನಿಗೆ ಎದುರಾಗಿ.

‘ವಿಲೀನ’ ಎಂಬ ಮಾತನ್ನು ಇಂದಿನ ವರದಿಗಳಲ್ಲಿ ಧಾರಾಳವಾಗಿ ಬಳಸುತ್ತಾರೆ. ಕರಗಿಹೋದದ್ದು ಎಂಬುದು ಆ ಸಂಸ್ಕೃತ ಶಬ್ದದ ಅರ್ಥ. ನೀರಿಗೆ ಬಿದ್ದ ಉಪ್ಪಿನ ರುಚಿ ಉಳಿಯಬಹುದು, ಹರಳು ಉಳಿಯುವುದಿಲ್ಲ. ‘ಒಕ್ಕೂಟ’ವೆಂದರೆ ಹಾಗಲ್ಲ, ಕೂಡಿದವರು ಕೂಡಿದ ಮೇಲೂ ಎಣಿಕೆಗೆ ಸಿಗುತ್ತಾರೆ. ದೊಡ್ಡ ಸಂಘಗಳು ಮೊದಲನೆಯ ಮಾತನ್ನು ಮೆಚ್ಚುವುದೂ ಚಿಕ್ಕವು ಎರಡನೆಯದಕ್ಕೆ ಜೋತುಬೀಳುವುದೂ ಸಹಜವೇ.

ಇಂಗ್ಲೆಂಡಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಬಯಲು ಓಟಕ್ಕೆ ಹದಿನೆಂಟನೆಯ ಶತಮಾನದ ಜಾಕಿ ಕ್ಲಬ್ಬು, ತಡೆ ಹಾರುವ ಓಟಕ್ಕೆ ೧೮೬೬ರ ನ್ಯಾಷನಲ್ ಹಂಟ್ ಕಮಿಟಿ, ಹೀಗೆ ಎರಡು ಯಜಮಾನಿಕೆಗಳಿದ್ದವು. ೧೯೬೮ರಲ್ಲಿ ಇವು ಒಂದಾದವು. ಉಳಿದದ್ದು ಹಿರಿಯದರ ಹೆಸರೇ. ಜಾಕಿ ಕ್ಲಬ್ಬೆಂದರೆ ಜಾಕಿಗಳ ಸಂಘವೆಂದು ಯಾರಾದರೂ ಭಾವಿಸಿದರೆ ಅದು ಅವರ ತಪ್ಪಲ್ಲ; ವಾಸ್ತವವಾಗಿ ಅದು ಶ್ರೀಮಂತ ಮಾಲೀಕರ ಕೂಟ. ಅದರ ಒಪ್ಪಿಗೆಯಿಲ್ಲದೆ ಯಾರೂ ಕುದುರೆಯನ್ನು ಪಳಗಿಸುವಂತಿರಲಿಲ್ಲ. ಹೆಂಗಸರಿಗಂತೂ ಆ ಒಪ್ಪಿಗೆ ದೊರೆಯುತ್ತಲೇ ಇರಲಿಲ್ಲ. ಫ್ಲಾರೆನ್ಸ್ ನೇಗಲ್ ಎಂಬಾಕೆ ನ್ಯಾಯಾಲಯಕ್ಕೆ ಹೋದ ಮೇಲೆ, ೧೯೬೬ರಲ್ಲಿ ಬಾಗಿಲು ತೆರೆಯಿತು. ಇಬ್ಬರು ಯಜಮಾನರು ಒಂದಾಗುವುದು ಅಷ್ಟೇನೂ ಕಷ್ಟವಲ್ಲವೆಂಬುದಕ್ಕೆ ೨೦೦೭ರಲ್ಲಿ ಮತ್ತೆ ಎರಡು ಆಡಳಿತ ಸಂಸ್ಥೆಗಳು ಕೂಡಿ ಬ್ರಿಟಿಷ್ ಹಾರ್ಸ್‌ರೇಸಿಂಗ್ ಅಥಾರಿಟಿ ಆದದ್ದೂ ಸಾಕ್ಷಿ.

ಲಾಯದ ಹುಡುಗರ ಕಥೆ ಹೀಗೆ ಸುಸೂತ್ರವಾಗಿ ನಡೆಯಲಿಲ್ಲ. ೧೯೭೫ರಲ್ಲಿ ನ್ಯೂಮಾರ್ಕೆಟ್ಟಿನ ಲಾಯಗಳಲ್ಲಿ ಕೂಲಿಗಾಗಿ ಮುಷ್ಕರವಾಯಿತು. ಮುಷ್ಕರ ಹೂಡಿದವರು ಸಾರಿಗೆ ಕಾರ್ಮಿಕರ ಭಾರಿ ಯೂನಿಯನ್ನಿಗೆ ಸೇರಿದವರು. ಮೇ ತಿಂಗಳ ದೊಡ್ಡ ಪಂದ್ಯದ ವೇಳೆಗೆ ಮೈದಾನದಲ್ಲಿಯೇ ಕೈಕೈ ಮಿಲಾಯಿಸಿ, ಹೆಸರಾಂತ ಜಾಕಿ ವಿಲ್ಲಿ ಕಾರ್ಸನ್ನನನ್ನು ಕುದುರೆಯಿಂದ ಕೆಳಕ್ಕೆಳೆದರು. ಮುಷ್ಕರ ಮುಗಿದ ಮೇಲೆ ನಡೆದದ್ದು ವಿಚಾರಾರ್ಹ: ಬೃಹತ್ ಯೂನಿಯನ್ನಿನ ನೆರಳನ್ನು ಬಿಟ್ಟು ಲಾಯದ ಕೆಲಸಗಾರರದೇ ಆದ ಪುಟ್ಟ ಸಂಘವೊಂದು ಹುಟ್ಟಿತು. ಲಾರಿ ಓಡಿಸುವವರ ಜೊತೆಗಿದ್ದರೆ ಬಲ ಹೆಚ್ಚು, ನಿಜ. ಆದರೆ ಕುದುರೆ ಒದ್ದು ಮೊಣಕಾಲು ಮುರಿದವನ ಕಷ್ಟ ಲಾರಿಯವನಿಗೆ ತಿಳಿಯಬೇಕಲ್ಲ! ಪುಟ್ಟ ಸಂಘವನ್ನು ಧಣಿಗಳು ಸುಲಭವಾಗಿ ಒಲಿಸಿಕೊಳ್ಳಬಹುದೆಂಬ ಆಕ್ಷೇಪಣೆಯಲ್ಲಿಯೂ ಹುರುಳಿಲ್ಲದಿಲ್ಲ.

ನಮ್ಮ ದೇಶದಲ್ಲಿ ಇನ್ನೂ ಒಂದು ತೊಡಕುಂಟು. ಮುಂಬಯಿ, ಕಲ್ಕತ್ತ, ಮದರಾಸು, ಹೈದರಾಬಾದು, ಬೆಂಗಳೂರುಗಳ ಕ್ಲಬ್ಬುಗಳು ತಮ್ಮ ತಮ್ಮ ಸೀಮೆಗೆ ತಾವೇ ಅರಸರು. ೧೯೬೩ರಿಂದ ಸರದಿಯ ಮೇಲೆ ಇನ್ವಿಟೇಷನ್ ಕಪ್ ಪಂದ್ಯವನ್ನು ನಡೆಸುವಷ್ಟು ಸ್ನೇಹವಿದೆ; ಒಂದೇ ಮನೆಯಾಗುವಷ್ಟು ಇಲ್ಲ. ಹೊರಗಿನಿಂದ ಬಂದ ಯಜಮಾನಿಕೆಯಂತೂ ಅವಕ್ಕೆ ಸಹಿಸದು. ೧೯೮೬ರಲ್ಲಿ ತಮಿಳುನಾಡು ಸರಕಾರ ಮದರಾಸಿನ ಕ್ಲಬ್ಬನ್ನು ಕಾನೂನು ಮಾಡಿ ವಶಪಡಿಸಿಕೊಳ್ಳಲು ಹೊರಟಾಗ ಕ್ಲಬ್ಬು ಸುಪ್ರೀಂ ಕೋರ್ಟಿನವರೆಗೆ ಹೋರಾಡಿತು. ೧೯೯೬ರ ಜನವರಿಯಲ್ಲಿ ಆ ಕಾನೂನು ಬಿದ್ದುಹೋಯಿತು. ಕುದುರೆ ಪಂದ್ಯ ಕೇವಲ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ನ್ಯಾಯಾಲಯ ಹೇಳಿದ್ದು ಅದೇ ತೀರ್ಪಿನಲ್ಲಿ.

ಕೌಶಲವೆಂದರೆ ಯಾರದು? ಜಾಕಿಯದು, ತರಬೇತುದಾರನದು ಎಂಬುದರಲ್ಲಿ ಅನುಮಾನವಿಲ್ಲ. ಕುದುರೆ ಮೇವು ಮುಟ್ಟದ ಬೆಳಗ್ಗೆ ಅದನ್ನು ಎಲ್ಲರಿಗಿಂತ ಮೊದಲು ಗುರುತಿಸುವವನದೂ ಹೌದಲ್ಲವೆ? ೨೦೧೪ರ ಜುಲೈ ೩೧ರಂದು ಸುಪ್ರೀಂ ಕೋರ್ಟು, ಬೆಂಗಳೂರು ಟರ್ಫ್ ಕ್ಲಬ್ಬಿನ ಪ್ರಕರಣದಲ್ಲಿಯೇ, ರೇಸ್ ಕ್ಲಬ್ಬು ಕಾನೂನಿನ ಅರ್ಥದಲ್ಲಿ ಒಂದು ‘ಅಂಗಡಿ’ಯೆಂದೂ ಅದರ ಕೆಲಸಗಾರರಿಗೆ ನೌಕರರ ರಾಜ್ಯ ವಿಮೆ ಅನ್ವಯಿಸುತ್ತದೆಂದೂ ತೀರ್ಪಿತ್ತಿತು. ಅಂಗಡಿಯೆನಿಸಿಕೊಳ್ಳಲು ಒಲ್ಲದ ಸಂಸ್ಥೆಯನ್ನು ಅಂಗಡಿಯೆನ್ನಿಸಲು ದೇಶದ ಅತ್ಯುಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಸೈಸನ ಸ್ಥಿತಿ ಇನ್ನೂ ಜಟಿಲ. ಅವನು ದುಡಿಯುವ ಲಾಯ ಕ್ಲಬ್ಬಿನ ನೆಲದಲ್ಲಿರಬಹುದು, ತಿಕ್ಕುವ ಕುದುರೆ ಮಾಲೀಕನದು, ಸಂಬಳ ಸಾಮಾನ್ಯವಾಗಿ ತರಬೇತುದಾರನ ಕೈಯಿಂದ. ಕುದುರೆ ಒದ್ದು ಅವನು ಮಲಗಿದರೆ ಆಸ್ಪತ್ರೆಯ ಚೀಟಿಯನ್ನು ಹಿಡಿದು ಮೊದಲು ಯಾರ ಬಾಗಿಲಿಗೆ ಹೋಗಬೇಕು?

ಎಲ್ಲ ಸಂಘಗಳನ್ನೂ ಕೂಡಿಸಿ ಒಂದು ಮಾಡುವ ಕರಡು ಮುಂದೆ ಎಂದಾದರೂ ಸಿದ್ಧವಾದರೆ, ಅದರ ಪೀಠಿಕೆಯಲ್ಲಿ ಐಕ್ಯದ ಬಗೆಗೆ ಸೊಗಸಾದ ವಾಕ್ಯಗಳಿರುವುದು ಖಂಡಿತ. ಸೈಸರಿಗೆ ಅದರಲ್ಲಿ ಎಷ್ಟು ಸ್ಥಾನ, ಆ ಸ್ಥಾನಕ್ಕೆ ಮತವುಂಟೋ ಬರಿಯ ಆಹ್ವಾನವೋ, ಕೂಲಿಯ ಮಾತು ಬಂದಾಗ ಅವರು ಬೇರೆಯಾಗಿ ನಿಂತು ಕೇಳಬಹುದೋ ಇಲ್ಲವೋ, ಸರಿಹೋಗದಿದ್ದರೆ ಹೊರಗೆ ಬರಲು ದಾರಿಯಿದೆಯೋ ಎಂಬುದನ್ನು ಒಳಗಿನ ಪುಟಗಳಲ್ಲಿ ಹುಡುಕಬೇಕಾದೀತು.