ಕತ್ತಲಲ್ಲಿ ಆಗದ ಲೆನ್ಸ್ ನಮಗೆಂತಕ್ಕೆ?

ನಮ್ಮ ಸಂಘದ ಫೋಟೋ ಬಳಗಕ್ಕೆ ಒಂದು ವೈಡ್ ಆ್ಯಂಗಲ್ ಝೂಮ್ ಲೆನ್ಸ್ ತೆಗೆದುಕೊಳ್ಳುವುದು ಅಂತ ತೀರ್ಮಾನ ಆಗಿದೆ. ಯಾವುದು ಎಂಬಲ್ಲಿಗೆ ಬಂದು ಗಾಡಿ ನಿಂತಿದೆ. ಇರುವ ಕ್ಯಾಮೆರಾ ಕ್ಯಾನನ್ ಆರ್50. ಅದಕ್ಕೆ ಸರಿಹೊಂದುವ ಎರಡು ಲೆನ್ಸುಗಳ ಬಗ್ಗೆ ಗ್ರೂಪಿನಲ್ಲಿ ಚರ್ಚೆ: ಕ್ಯಾನನ್‌ನದ್ದೇ ಆರ್‌ಎಫ್-ಎಸ್ 10-18 ಎಂಎಂ ಎಫ್/4.5-6.3, ಮತ್ತೆ ಸಿಗ್ಮಾದ 10-18 ಎಂಎಂ ಎಫ್/2.8. ಎರಡೂ ಘೋಷಣೆಯಾದದ್ದು 2023ರ ಅಕ್ಟೋಬರಿನಲ್ಲಿ. ಸಿಗ್ಮಾ ನಮ್ಮ ಆರ್‌ಎಫ್ ಮೌಂಟಿಗೆ ಬಂದದ್ದು ಮರುವರ್ಷ. ಅಮೆರಿಕದಲ್ಲಿ ಮೊದಲು ಬಂದಾಗ ಕ್ಯಾನನ್‌ಗೆ 329 ಡಾಲರ್, ಸಿಗ್ಮಾಕ್ಕೆ 599. ಇಲ್ಲಿಯೂ ಕ್ಯಾನನ್ನೇ ಅಗ್ಗ.

ಹೆಚ್ಚಿನವರ ಓಟು ಕ್ಯಾನನ್‌ಗೆ. "ಕಡಿಮೆ ಹಣ, 150 ಗ್ರಾಂ ತೂಕ, ಮೇಲೆ ಐಎಸ್ ಉಂಟಲ್ಲ ಮಾರಾಯ" ಎಂಬುದು ವಾದ. ಐಎಸ್ ಅಂದರೆ ಇಮೇಜ್ ಸ್ಟೆಬಿಲೈಸೇಷನ್, ಕೈ ನಡುಗಿದರೂ ಚಿತ್ರ ಅಲುಗದಂತೆ ನೋಡಿಕೊಳ್ಳುವ ಏರ್ಪಾಡು. ಸಿಗ್ಮಾದಲ್ಲಿ ಅದಿಲ್ಲ, ಆರ್50ಯ ಬಾಡಿಯಲ್ಲೂ ಇಲ್ಲ. ವಾದ ಕೇಳಲಿಕ್ಕೆ ಸರಿಯಾಗಿಯೇ ಉಂಟು. ಆದರೂ ನನ್ನ ಓಟು ಸಿಗ್ಮಾಕ್ಕೆ. ಒಂದು ಸೆಮಿಸ್ಟರ್ ಕಾಯಬೇಕಾದರೂ ಸರಿ.

ಮೊದಲು ಅಲುಗದ ವಸ್ತುಗಳನ್ನು ನೋಡುವ. ವೇಣೂರಿನ ಬಾಹುಬಲಿ 35 ಅಡಿ. ಕ್ಯಾಮೆರಾವನ್ನು ಮೇಲೆ ಎತ್ತಿದರೆ ಮೂರ್ತಿ ಹಿಂದಕ್ಕೆ ವಾಲಿದ ಹಾಗೆ ಬರುತ್ತದೆ, ಅದಕ್ಕೆ ನೆಟ್ಟಗೆ ಹಿಡಿಯಬೇಕು. ಆರ್50ಯ ಸೆನ್ಸರಿನ ಉದ್ದ 22.3 ಎಂಎಂ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ, ನೆಲದಿಂದ 5 ಅಡಿ ಎತ್ತರದಲ್ಲಿ ಹಿಡಿದರೆ, ಮೂರ್ತಿಯ ತಲೆ ಚೌಕಟ್ಟಿನೊಳಗೆ ಬರಲು 18 ಎಂಎಂನಲ್ಲಿ ಸುಮಾರು 48 ಅಡಿ ಹಿಂದೆ ಹೋಗಬೇಕು; 10 ಎಂಎಂನಲ್ಲಿ 27 ಅಡಿ ಸಾಕು. ಸದೃಶ ತ್ರಿಕೋನದ ಲೆಕ್ಕ, ಹತ್ತನೇ ಕ್ಲಾಸಿನದ್ದು. ಲಾಭ ಇದೆ, ಒಪ್ಪಿದೆ. ಆದರೆ ಈ ಲಾಭ ಎರಡೂ ಲೆನ್ಸಿಗೆ ಒಂದೇ. ಅಷ್ಟೇ ಅಲ್ಲ, ನಿಮ್ಮ ಕಿಸೆಯ ಫೋನಿಗೂ ಉಂಟು. ಆರ್50ಯಲ್ಲಿ 10 ಎಂಎಂ ಅಂದರೆ ಫುಲ್ ಫ್ರೇಮ್ ಲೆಕ್ಕದಲ್ಲಿ 16. ಹೆಚ್ಚಿನ ಫೋನುಗಳ 0.5 ಕ್ಯಾಮೆರಾ ಸುಮಾರು 13. ಅಂದರೆ ಫೋನೇ ಇನ್ನೂ ಅಗಲ! ಹಗಲು ಬೆಳಕಿನಲ್ಲಿ, ನಮ್ಮ ಪತ್ರಿಕೆಯ ಪರದೆಯ ಅಳತೆಗೆ, ಅದರಲ್ಲಿ ತೆಗೆದದ್ದು ಧಾರಾಳ ಸಾಕು.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮಾತು ಬೇರೆ ಅಂತೀರಿ. 1430ರ ಕಟ್ಟಡ, ಕಂಬಗಳ ನಡುವೆ ಬೆಳಕು ಕಡಿಮೆ, ಫೋನಿನಲ್ಲಿ ಕಾಳು ಕಾಳಾಗಿ ಬರುತ್ತದೆ. ನಿಜ. ಆದರೆ ಕಂಬ ಎಲ್ಲಿಗೂ ಓಡುವುದಿಲ್ಲ. ಟ್ರೈಪಾಡಿಗೆ ಅನುಮತಿ ಇದ್ದಲ್ಲಿ ಅದು, ಇಲ್ಲದಿದ್ದರೆ ಕ್ಯಾಮೆರಾ ಇಡಲಿಕ್ಕೆ ಒಂದು ಗಟ್ಟಿ ಜಾಗ, ಎರಡು ಸೆಕೆಂಡಿನ ಟೈಮರ್, ಐಎಸ್‌ಒ 100. ಇರುವ ಕಿಟ್ ಲೆನ್ಸಿನಲ್ಲೇ ಮೂರು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಬಹುದು. ಇನ್ನೊಂದು ಮಾತು: ಆ ಬಸದಿಯ ಹೆಸರು ಇರುವುದೇ ಒಂದು ಕಂಬದ ಕೆತ್ತನೆ ಇನ್ನೊಂದಕ್ಕಿಲ್ಲ ಎಂಬುದಕ್ಕೆ. 10 ಎಂಎಂನಲ್ಲಿ ನೋಡಿದರೆ ಎದುರಿನ ಕಂಬ ರಾಕ್ಷಸನ ಹಾಗೆ ಉಬ್ಬುತ್ತದೆ, ಹಿಂದಿನವು ಅಗರಬತ್ತಿ ಕಡ್ಡಿಗಳಾಗುತ್ತವೆ. ವೈಡ್ ಲೆನ್ಸ್ ಜಾಗವನ್ನು ತೋರಿಸುತ್ತದೆ, ಕೆತ್ತನೆಯನ್ನು ತಿನ್ನುತ್ತದೆ.

ಅಂದಮೇಲೆ ನಿಂತ ವಸ್ತುವಿಗೆ ಇವೆರಡರಲ್ಲಿ ಯಾವುದೂ ತುರ್ತಿನದ್ದಲ್ಲ. ಹಣ ಹಾಕುವುದಾದರೆ ಫೋನೂ ಕಿಟ್ ಲೆನ್ಸೂ ಕೈಚೆಲ್ಲುವಲ್ಲಿಗೆ ಹಾಕಬೇಕು. ನಮ್ಮ ಕಡೆ ಆ ಜಾಗ ಯಾವುದು ಅಂತ ಕೇಳಿದರೆ, ನಾನು ಮಾಣಿಯವ, ಯಕ್ಷಗಾನದ ಚೌಕಿ ಅಂತಲೇ ಹೇಳುವುದು.

ಹರಕೆ ಬಯಲಾಟದ ಚೌಕಿಗೆ ಒಮ್ಮೆ ಹೋಗಿ ನೋಡಿ. ಇಕ್ಕಟ್ಟಾದ ಚಪ್ಪರ, ಸಾಲಾಗಿ ಪೆಟ್ಟಿಗೆಗಳು, ಒಬ್ಬೊಬ್ಬರ ಎದುರು ಒಂದೊಂದು ಕನ್ನಡಿ, ಮೇಲೆ ಬಲ್ಬು. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿ ಇಡುತ್ತಾ ಗಂಟೆಗಟ್ಟಲೆ ಕೂತಿರುತ್ತಾರೆ. ಪಕ್ಕದಲ್ಲಿ ಒಬ್ಬರು ಗೆಜ್ಜೆ ಕಟ್ಟುತ್ತಾರೆ, ಇನ್ನೊಬ್ಬರಿಗೆ ಯಾರೋ ಹಿಂದಿನಿಂದ ದಗಲೆ ಬಿಗಿಯುತ್ತಾರೆ. ಹಿಂದೆ ಸರಿಯುವ ಅಂದರೆ ಜಾಗ ಇಲ್ಲ. ಮೂರು ಅಡಿಯಿಂದ 18 ಎಂಎಂನಲ್ಲಿ ಸಿಗುವ ಅಗಲ ನಾಲ್ಕು ಅಡಿಗೂ ಕಡಿಮೆ, ಒಂದು ವೇಷಕ್ಕೆ ಸರಿ. 10 ಎಂಎಂನಲ್ಲಿ ಹೆಚ್ಚುಕಡಿಮೆ ಏಳು ಅಡಿ: ವೇಷ, ಕನ್ನಡಿ, ಪೆಟ್ಟಿಗೆ, ಪಕ್ಕದವರ ಗೆಜ್ಜೆ ಎಲ್ಲವೂ. ವೈಡ್ ಲೆನ್ಸ್ ಹುಟ್ಟಿದ್ದೇ ಇಂಥ ಜಾಗಕ್ಕೆ.

ಈಗ ಬೆಳಕಿನ ಲೆಕ್ಕ. ಬ್ರಷ್ ಹಿಡಿದ ಕೈ ಅಲುಗುತ್ತಿರುತ್ತದೆ, ಶಟರ್ 1/125 ಆದರೂ ಬೇಕು. ಅಲ್ಲಿನ ಬೆಳಕಿಗೆ ಎಫ್/2.8ರಲ್ಲಿ ಐಎಸ್‌ಒ 2500 ಸಾಕಾಯಿತು ಅಂತ ಇಟ್ಟುಕೊಳ್ಳಿ. ಅದೇ ಫೋಟೋಕ್ಕೆ ಎಫ್/4.5ರಲ್ಲಿ 6400 ಬೇಕು. ಝೂಮ್ ಮಾಡಿ 18ಕ್ಕೆ ಹೋದರೆ ಕ್ಯಾನನ್ ಎಫ್/6.3ಕ್ಕೆ ಇಳಿಯುತ್ತದೆ, ಐಎಸ್‌ಒ 12800. ಸಿಗ್ಮಾ 10ರಲ್ಲೂ 18ರಲ್ಲೂ 2.8ರಲ್ಲೇ ನಿಲ್ಲುತ್ತದೆ, 18ರಲ್ಲಿ ಕ್ಯಾನನ್‌ಗಿಂತ ಐದು ಪಟ್ಟು ಬೆಳಕು. ಮುಖದ ಕೆಂಪು, ಕಪ್ಪು, ಚುಟ್ಟಿಯ ಬಿಳಿ ಬೇರೆ ಬೇರೆಯಾಗಿ ಉಳಿಯಬೇಕಾದರೆ ಈ ವ್ಯತ್ಯಾಸ ಸಣ್ಣದಲ್ಲ.

"ಐಎಸ್ ಉಂಟಲ್ಲ" ಎನ್ನುವವರಿಗೆ: ಕ್ಯಾನನ್ ಅದರಿಂದ 4 ಸ್ಟಾಪ್ ಲಾಭ ಅನ್ನುತ್ತದೆ, ಇರಲಿ. ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು. ಎದುರಿನ ಮನುಷ್ಯ ಅಲುಗಿದರೆ ಐಎಸ್ ಎಂತ ಮಾಡುತ್ತದೆ? ಕನ್ನಡಿ ಸ್ಪಷ್ಟ, ಪೆಟ್ಟಿಗೆ ಸ್ಪಷ್ಟ, ವೇಷಧಾರಿ ಮಾತ್ರ ಮಸುಕು.

ಕ್ಯಾನನ್ ಪರವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ರೀಲ್ಸ್ ತಂಡದವರಿಗೆ, ನಡೆಯುತ್ತಾ ವಿಡಿಯೋ ಮಾಡುವವರಿಗೆ, ಐಎಸ್ ನಿಜವಾಗಿ ಬೇಕು. ಅವರ ದೂರು ನ್ಯಾಯವೇ. ಆದರೆ ಸಂಘಕ್ಕೆ ಒಂದೇ ಲೆನ್ಸ್ ಅಂದಾಗ ನನ್ನ ಪಾಲಿಗೆ ಫೋಟೋ ಮುಂದೆ. ವಿಡಿಯೋಕ್ಕೆ ಯಾರದ್ದಾದರೂ ಗಿಂಬಲ್ ಕೇಳಿ ತರಬಹುದು, ಬೆಳಕನ್ನು ಕೇಳಿ ತರಲಿಕ್ಕಾಗುವುದಿಲ್ಲ.

ಕಂಬಳಕ್ಕೆ ಇವೆರಡೂ ಬೇಡ. ಹತ್ತು ಮೀಟರ್ ದೂರದ ಕೋಣಗಳು 10 ಎಂಎಂನಲ್ಲಿ ಆಡಿನ ಮರಿಗಳ ಹಾಗೆ ಕಾಣುತ್ತವೆ. ಡಿಪಾರ್ಟ್‌ಮೆಂಟಿನ ಗ್ರೂಪ್ ಫೋಟೋಕ್ಕೂ ಬೇಡ, ಕೊನೆಯಲ್ಲಿ ನಿಂತವರು ದಪ್ಪಗಾಗಿ ಆಮೇಲೆ ಜಗಳಕ್ಕೆ ಬರುತ್ತಾರೆ.

ಕೋಲದ ವಿಷಯ ಮಾತ್ರ ಸ್ವಲ್ಪ ಗಂಭೀರವಾಗಿ ಹೇಳಬೇಕು. ವೈಡ್ ಲೆನ್ಸ್ ಇದ್ದವ ಹತ್ತಿರ ಹೋಗಲೇಬೇಕು, ದೂರದಿಂದ ಎಂತದೂ ಸಿಗುವುದಿಲ್ಲ. 2022ರಲ್ಲಿ 'ಕಾಂತಾರ' ಬಂದ ಮೇಲೆ ದೈವದ ಸುತ್ತ ಕ್ಯಾಮೆರಾಗಳ ಇನ್ನೊಂದು ಸುತ್ತು ನಿಲ್ಲುವುದನ್ನು ನೋಡಿದ್ದೇವೆ. ಹಿಂದೆ ಕೂತ ಹಿರಿಯರಿಗೆ ಕಾಣುವುದು ನಮ್ಮ ಬೆನ್ನು. ಲೆನ್ಸ್ ಯಾವುದೇ ಬರಲಿ, ಕೋಲಕ್ಕೆ ಅದನ್ನು ಕೊಡಬಾರದು ಅಂತ ರಿಜಿಸ್ಟರಿನಲ್ಲೇ ಬರೆದಿಡುವ. ಚೌಕಿಗೂ ಕೇಳಿಯೇ ಹೋಗುವುದು, ಚಪ್ಪಲಿ ಹೊರಗೆ, ಫ್ಲ್ಯಾಶ್ ಇಲ್ಲ. ಎಫ್/2.8 ಇದ್ದರೆ ಫ್ಲ್ಯಾಶಿನ ಆಸೆಯೂ ಕಡಿಮೆ.

ಈಗ ಅವಸರ ಎಂತದ್ದೂ ಇಲ್ಲ. ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿದಿದೆ, ಮತ್ತೆ ಹೊರಡುವುದು ದೀಪಾವಳಿ ಕಳೆದ ಮೇಲೆ. ಅಷ್ಟರೊಳಗೆ ಉಳಿದ ಹಣ ಕೂಡಿಸಿದರೆ ಆಯಿತು.