ಕವಾಟ ಬದಲಾಯಿತು, ರಕ್ತ ಪರೀಕ್ಷೆಗೆ ಎಲ್ಲಿಗೆ ಹೋಗುವುದು?

ಕಾಸರಗೋಡು: ಹೃದಯದ ಕಾಯಿಲೆ ಎಂದೊಡನೆ ಗಡಿನಾಡಿನಲ್ಲಿ ಕೇಳಿಬರುವ ಮೊದಲ ಮಾತು 'ಮಂಗಳೂರಿಗೆ ಕೊಂಡುಹೋಗಿ' ಎಂಬುದು. ಆದರೆ ಹುಟ್ಟಿನಿಂದಲೇ ಹೃದಯದ ಕವಾಟದಲ್ಲಿ ದೋಷವಿರುವವರಿಗೆ ಶಸ್ತ್ರಚಿಕಿತ್ಸೆ ಒಂದು ದಿನದ ವಿಷಯ, ತಪಾಸಣೆ ಜೀವನಪೂರ್ತಿಯದ್ದು. ಚಿಕಿತ್ಸೆಯ ಫಲ ಹೆಚ್ಚಾಗಿ ನಿಂತಿರುವುದು ಈ ಎರಡನೆಯದರ ಮೇಲೆ.

ಹೃದಯದಿಂದ ಮಹಾಪಧಮನಿಗೆ ರಕ್ತ ಹೊರಡುವಲ್ಲಿರುವ ಕವಾಟಕ್ಕೆ ಸಾಮಾನ್ಯವಾಗಿ ಮೂರು ಎಸಳುಗಳು. ನೂರರಲ್ಲಿ ಒಬ್ಬಿಬ್ಬರಿಗೆ ಎರಡೇ ಇರುತ್ತವೆ. ವೈದ್ಯರು ಇದನ್ನು 'ಬೈಕಸ್ಪಿಡ್ ಅಯೋರ್ಟಿಕ್ ವಾಲ್ವ್' ಎನ್ನುತ್ತಾರೆ. ಬಾಲ್ಯದಲ್ಲಿ ಹೆಚ್ಚಿನವರಿಗೆ ಏನೂ ತೊಂದರೆ ಕಾಣದು. ನಡುವಯಸ್ಸಿನಲ್ಲಿ ಕವಾಟ ಗಡುಸಾಗಿ ಕಿರಿದಾಗಬಹುದು ಅಥವಾ ಸೋರಬಹುದು. ಕೆಲವರಲ್ಲಿ ಮಹಾಪಧಮನಿಯೇ ಹಿಗ್ಗುತ್ತದೆ. ಗುಡ್ಡ ಹತ್ತುವಾಗ ಏದುಸಿರು, ಎದೆನೋವು, ತಲೆಸುತ್ತಿ ಬೀಳುವುದು ಇದರ ಲಕ್ಷಣಗಳು. 'ಗ್ಯಾಸ್' ಎಂದು ಕಳೆದ ದಿನಗಳೇ ಇಲ್ಲಿ ದುಬಾರಿಯಾಗುತ್ತವೆ.

ಸಮಾಧಾನದ ಸಂಗತಿಯೂ ಇದೆ. ಈ ದೋಷವಿದ್ದ 642 ವಯಸ್ಕರನ್ನು ಕೆನಡಾದ ಟೊರಾಂಟೊದಲ್ಲಿ ಸರಾಸರಿ 9 ವರ್ಷ ಗಮನಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಹತ್ತು ವರ್ಷ ಬದುಕುಳಿದವರ ಪ್ರಮಾಣ ಶೇ. 96. ಅಂದರೆ ಇತರ ಜನರಷ್ಟೇ. ಅವರಲ್ಲಿ ಶೇ. 22 ಮಂದಿಗೆ ಆ ಅವಧಿಯಲ್ಲಿ ಕವಾಟ ಅಥವಾ ಮಹಾಪಧಮನಿಯ ಚಿಕಿತ್ಸೆ ಬೇಕಾಯಿತು. ಆದರೆ ಅವರೆಲ್ಲರೂ ದೊಡ್ಡ ಆಸ್ಪತ್ರೆಯ ನಿರಂತರ ನಿಗಾದಲ್ಲಿದ್ದವರು ಎಂಬುದನ್ನು ಮರೆಯಬಾರದು. ಕವಾಟ ತೀರಾ ಕಿರಿದಾಗಿ ಲಕ್ಷಣ ಕಾಣಿಸಿದ ಮೇಲೂ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಅನೇಕರಿಗೆ ಉಳಿಯುವುದು ಎರಡು ಮೂರು ವರ್ಷಗಳಷ್ಟೇ.

ಬದಲಿ ಕವಾಟದಲ್ಲಿ ಮುಖ್ಯವಾಗಿ ಎರಡು ಬಗೆ. ಪ್ರಾಣಿಗಳ ಅಂಗಾಂಶದಿಂದ ಮಾಡಿದ್ದು ಸಾಮಾನ್ಯವಾಗಿ 10-15 ವರ್ಷ ಬಾಳುತ್ತದೆ. ಯಾಂತ್ರಿಕ ಕವಾಟ ಹೆಚ್ಚು ಕಾಲ ಬಾಳಿಕೆ ಬರುವುದರಿಂದ ಕಿರಿಯ ವಯಸ್ಸಿನವರಿಗೆ ಹೆಚ್ಚಾಗಿ ಇದನ್ನೇ ಹಾಕುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಕಡಿಮೆ ಬೆಲೆಯ ಯಾಂತ್ರಿಕ ಕವಾಟವನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಆದರೆ ಯಾಂತ್ರಿಕ ಕವಾಟ ಇರುವವರು ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು, 'ಐಎನ್‌ಆರ್' ಎಂಬ ರಕ್ತ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಮಾತ್ರೆ ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳುವ ಅಥವಾ ಪಾರ್ಶ್ವವಾಯು ಬಡಿಯುವ ಭಯ, ಹೆಚ್ಚಾದರೆ ರಕ್ತಸ್ರಾವ. ಗರ್ಭಿಣಿಯಾಗಬಯಸುವವರು ಮೊದಲೇ ವೈದ್ಯರೊಡನೆ ಮಾತನಾಡಲೇಬೇಕು.

ಗಡಿಭಾಗದ ಸಮಸ್ಯೆ ಇಲ್ಲೇ ಇದೆ. ಕಾಸರಗೋಡಿನಿಂದ ರಾಜ್ಯದ ರಾಜಧಾನಿ 550 ಕಿ.ಮೀ.ಗೂ ದೂರ, ಮಂಗಳೂರು ಸುಮಾರು 50 ಕಿ.ಮೀ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ ತಲಪಾಡಿ ಗಡಿ ಮುಚ್ಚಿದಾಗ ಈ 50 ಕಿ.ಮೀ. ಕೂಡಾ ದಾಟಲಾರದ ದೂರವಾಯಿತು. ಚಿಕಿತ್ಸೆ ಸಿಗದೆ ಹಲವರು ಅಸುನೀಗಿದರು. ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮೆಟ್ಟಿಲೇರಿದ ಬಳಿಕವಷ್ಟೇ, ಏಪ್ರಿಲ್‌ನಲ್ಲಿ, ಷರತ್ತುಗಳೊಂದಿಗೆ ರೋಗಿಗಳಿಗೆ ದಾರಿ ತೆರೆಯಿತು.

ಇಂದು ಗಡಿ ತೆರೆದಿದೆ, ಪಾಠ ಮಾತ್ರ ಉಳಿದಿದೆ. ಆಯುಷ್ಮಾನ್ ಭಾರತ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಒಳರೋಗಿ ಚಿಕಿತ್ಸೆಗೆ ನೆರವಾಗುತ್ತದೆ. ಮನೆಗೆ ಮರಳಿದ ಮೇಲೆ ವರ್ಷಗಟ್ಟಲೆ ಹೊರರೋಗಿಯಾಗಿ ಮಾಡಿಸುವ ಪರೀಕ್ಷೆ ಅದರೊಳಗೆ ಬಾರದು. ದಿನಗೂಲಿಯವರಿಗೆ ಒಂದು ಪರೀಕ್ಷೆ ಎಂದರೆ ಬಸ್ ಖರ್ಚು ಮತ್ತು ಒಂದು ದಿನದ ಕೂಲಿ. ಹಾಗಾಗಿಯೇ ಪರೀಕ್ಷೆ ತಪ್ಪುತ್ತದೆ.

ಐಎನ್‌ಆರ್ ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ನಿಶ್ಚಿತ ದಿನ ಈ ಪರೀಕ್ಷೆ, ಮಾತ್ರೆಯ ಪ್ರಮಾಣವನ್ನು ಕನ್ನಡ ಮತ್ತು ಮಲಯಾಳದಲ್ಲಿ ಬರೆದ ಚೀಟಿ, ಎರಡೂ ರಾಜ್ಯದ ವೈದ್ಯರಿಗೆ ತಿಳಿಯುವ ದಾಖಲೆ ಪುಸ್ತಕ ಸಿಕ್ಕರೆ ಅರ್ಧ ಹೊರೆ ಇಳಿಯುತ್ತದೆ. ಇದರೊಂದಿಗೆ ಮನೆಯವರು ಮಾಡಬೇಕಾದ ಕೆಲಸವೂ ಒಂದಿದೆ. ಈ ದೋಷ ರಕ್ತಸಂಬಂಧಿಗಳಲ್ಲಿಯೂ ಇರುವ ಸಾಧ್ಯತೆ ಇದೆ. ಆದ್ದರಿಂದ ಒಬ್ಬರಲ್ಲಿ ಕಂಡುಬಂದರೆ ಹೆತ್ತವರು, ಒಡಹುಟ್ಟಿದವರು, ಮಕ್ಕಳು ಕೂಡಾ ಒಮ್ಮೆ 'ಎಕೋ' ಮಾಡಿಸಿಕೊಳ್ಳುವುದು ಒಳ್ಳೆಯದು.